ಪೊಲೀಸರ ಹೆಸರಲ್ಲಿ ಚಂದಾ: ಲೆಕ್ಕ ಯಾರ ಬಳಿ ಕೇಳಬೇಕು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಸುತ್ತಲಿನ ಅಂಗಡಿಗಳು, ಚಿಂತಾಮಣಿಯ ಎಪಿಎಂಸಿ ಮಂಡಿಗಳು, ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶ, ಚಿಕ್ಕಬಳ್ಳಾಪುರದ ಬಜಾರು. ಈ ನಾಲ್ಕೂ ಕಡೆ ವ್ಯಾಪಾರ ಮಾಡುವವರಿಗೆ ಚಂದಾ ಕೇಳಲು ಬರುವವರು ಹೊಸಬರೇನಲ್ಲ. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಕಬಡ್ಡಿ ಪಂದ್ಯ, ಎಲ್ಲಕ್ಕೂ ರಸೀತಿ ಪುಸ್ತಕ ಹಿಡಿದವರು ಬರುತ್ತಾರೆ. ಕೊಡುವ ಮನಸ್ಸಿಲ್ಲದಿದ್ದರೆ ‘ಮುಂದಿನ ಸಲ ನೋಡೋಣ ಬಿಡಪ್ಪಾ’ ಎಂದು ನಗುತ್ತಲೇ ಸಾಗಹಾಕಬಹುದು. ಆದರೆ ಬಂದವರು ‘ಅಣ್ಣಾ, ಸ್ಟೇಷನ್ ಕಡೆಯಿಂದ ಬಂದಿದೀವಿ, ಸಾಹೇಬ್ರಿಗೂ ಗೊತ್ತು’ ಅಂದರೆ ಆ ನಗು ಅಲ್ಲೇ ನಿಲ್ಲುತ್ತದೆ. ಅಂಗಡಿ ಮುಂದೆ ಲಾರಿ ನಿಲ್ಲಿಸಿ ಮಾಲು ಇಳಿಸಬೇಕು, ರಾತ್ರಿ ತಡವಾಗಿ ಬಾಗಿಲು ಹಾಕಬೇಕು, ನಾಳೆ ಕಳ್ಳತನವಾದರೆ ಅದೇ ಠಾಣೆಯ ಮೆಟ್ಟಿಲು ಹತ್ತಬೇಕು. ಹೀಗಾಗಿ ಗಲ್ಲಾಪೆಟ್ಟಿಗೆ ಮೊದಲು ತೆರೆಯುತ್ತದೆ. ಪ್ರಶ್ನೆ ಆಮೇಲೆ ಹುಟ್ಟುತ್ತದೆ, ಎಷ್ಟೋ ಸಲ ಹುಟ್ಟುವುದೇ ಇಲ್ಲ.

ಪೊಲೀಸರ ಹೆಸರಲ್ಲಿ ಕೇಳಿದ ದೇಣಿಗೆಗೂ ಉಳಿದ ದೇಣಿಗೆಗೂ ಇರುವ ವ್ಯತ್ಯಾಸ ಇದೇ. ಕೇಳುವವರು ಎಷ್ಟೇ ವಿನಯದಿಂದ ಕೇಳಲಿ, ಕೇಳಿಸಿಕೊಂಡವರಿಗೆ ಅದು ಅಪ್ಪಣೆಯಂತೆಯೇ ಕೇಳುತ್ತದೆ. ಇಷ್ಟಪಟ್ಟು ಕೊಟ್ಟದ್ದು ಯಾವುದು, ಅಂಜಿ ಕೊಟ್ಟದ್ದು ಯಾವುದು ಎಂದು ಕೊಟ್ಟವರಿಗೇ ಬಿಡಿಸಿ ಹೇಳಲಾಗದು. ಆದ್ದರಿಂದ ಈ ಹಣಕ್ಕೆ ಗಣೇಶನ ಚಂದಾಕ್ಕಿಂತ ಬಿಗಿಯಾದ ಲೆಕ್ಕ ಇರಬೇಕು. ಕರ್ನಾಟಕದಲ್ಲಿ ಆ ಲೆಕ್ಕ ಕೇಳುವ ಅಧಿಕಾರ ಒಂದೇ ಕಚೇರಿಯಲ್ಲಿಲ್ಲ. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ಇರುವಂಥ ಚಾರಿಟಿ ಕಮಿಷನರ್ ನಮ್ಮಲ್ಲಿಲ್ಲ. ಒಂದಿಷ್ಟು ಎಸ್ಪಿ ಕಚೇರಿಯಲ್ಲಿ, ಒಂದಿಷ್ಟು ಸಹಕಾರ ಇಲಾಖೆಯಲ್ಲಿ, ಒಂದಿಷ್ಟು ಆದಾಯ ತೆರಿಗೆಯವರಲ್ಲಿ, ಉಳಿದದ್ದು ನ್ಯಾಯಾಲಯದಲ್ಲಿ ಎಂಬಂತೆ ಹಂಚಿಹೋಗಿದೆ. ಯಾವ ಹಣಕ್ಕೆ ಯಾವ ಬಾಗಿಲು ತಟ್ಟಬೇಕು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಏಪ್ರಿಲ್ 2ರ ಧ್ವಜ

ಇಲಾಖೆಯೇ ಮುಂದೆ ನಿಂತು ಜನರಿಂದ ಹಣ ಸಂಗ್ರಹಿಸುವ ಸಂದರ್ಭ ಒಂದಿದೆ. ಅದು ಪೊಲೀಸ್ ಧ್ವಜ ದಿನಾಚರಣೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. ಅದರ ನೆನಪಿಗೆ ಪ್ರತಿ ವರ್ಷ ಆ ದಿನ ಜಿಲ್ಲಾ ಕೇಂದ್ರಗಳಲ್ಲಿ ಕವಾಯತು ನಡೆಯುತ್ತದೆ. ನಿವೃತ್ತ ಪೊಲೀಸರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದು ಗೌರವಿಸುವುದು ವಾಡಿಕೆ. ಅಂದಿನಿಂದ ಪೊಲೀಸ್ ಧ್ವಜದ ಸಣ್ಣ ಚೀಟಿಗಳನ್ನೂ ವಾಹನಕ್ಕೆ ಅಂಟಿಸುವ ಸ್ಟಿಕರ್‌ಗಳನ್ನೂ ಮಾರುತ್ತಾರೆ. ಬಂದ ಹಣ ಪೊಲೀಸ್ ಕಲ್ಯಾಣ ನಿಧಿಗೆ ಸೇರುತ್ತದೆ. ನಿವೃತ್ತರ ಚಿಕಿತ್ಸೆ, ಮೃತ ಸಿಬ್ಬಂದಿಯ ಕುಟುಂಬಕ್ಕೆ ನೆರವು, ಮಕ್ಕಳ ಓದು, ಇಂಥವಕ್ಕೆ ಆ ನಿಧಿ.

ಇದು ಒಳ್ಳೆಯ ಕೆಲಸ. ಹಗಲಿರುಳು ದುಡಿದು ಮಂಡಿ, ಬೆನ್ನು ಸವೆಸಿಕೊಂಡು ನಿವೃತ್ತರಾದ ಹೆಡ್ ಕಾನ್‌ಸ್ಟೆಬಲ್‌ಗೆ ಆಸ್ಪತ್ರೆಯ ಖರ್ಚಿನಲ್ಲಿ ಊರು ಒಂದು ಪಾಲು ಹೊತ್ತರೆ ಅದರಲ್ಲಿ ತಪ್ಪಿಲ್ಲ. ಧ್ವಜ ಕೊಳ್ಳುವವರು ಕೊಳ್ಳಲಿ. ಆದರೆ ಎರಡು ಮಾತು ನೆನಪಿರಲಿ. ಧ್ವಜ ಕೊಳ್ಳಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹಾಗೆಯೇ ಧ್ವಜದ ಸ್ಟಿಕರ್ ಅಂಟಿಸಿದ ಗಾಡಿಗೆ ಹೆಲ್ಮೆಟ್ ತಪಾಸಣೆಯಲ್ಲಾಗಲಿ, ದಾಖಲೆ ತಪಾಸಣೆಯಲ್ಲಾಗಲಿ ಯಾವ ರಿಯಾಯಿತಿಯೂ ಇಲ್ಲ. ‘ಇದಿದ್ರೆ ಯಾರೂ ಹಿಡಿಯಲ್ಲ ಸಾರ್’ ಎಂದು ಯಾರಾದರೂ ಮಾರಿದರೆ ಅವರು ಮಾರುತ್ತಿರುವುದು ಧ್ವಜವನ್ನಲ್ಲ.

ಇದೇ ಮಾದರಿಯ ಹಳೆಯ ಸಂಗ್ರಹ ಸಶಸ್ತ್ರ ಪಡೆಗಳ ಧ್ವಜ ದಿನದ್ದು. 1949ರಿಂದ ಪ್ರತಿ ಡಿಸೆಂಬರ್ 7ಕ್ಕೆ ನಡೆಯುತ್ತಿದೆ. ಅಲ್ಲಿ ಹಣ ಕೇಳುವವರು ಸೈನಿಕರಲ್ಲ. ಕೇಂದ್ರೀಯ ಸೈನಿಕ ಮಂಡಳಿ, ಅದರ ಕೆಳಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ವ್ಯವಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಜಿಲ್ಲೆಯಲ್ಲಿ ಮುಂದೆ ನಿಲ್ಲುವವರು ಜಿಲ್ಲಾಧಿಕಾರಿ. ಬಂದೂಕು ಹಿಡಿದವರ ಕೈಯಲ್ಲಿ ರಸೀತಿ ಪುಸ್ತಕ ಇಲ್ಲ. ಪೊಲೀಸ್ ಧ್ವಜದ ವಿಷಯದಲ್ಲಿ ಧ್ವಜ ಬರುವುದು ಠಾಣೆಯಿಂದಲೇ. ನಾಳೆ ನನ್ನ ದೂರು ಬರೆದುಕೊಳ್ಳಬೇಕಾದ ಕೈಯೇ ಇವತ್ತು ಧ್ವಜ ಚಾಚುತ್ತದೆ. ಈ ಕಾರಣಕ್ಕೆ ಪೊಲೀಸ್ ಧ್ವಜದ ಲೆಕ್ಕ ಇನ್ನಷ್ಟು ಬಹಿರಂಗವಾಗಿರಬೇಕು ಎನ್ನುತ್ತೇನೆ.

ಬಹಿರಂಗ ಎಂದರೆ ದೊಡ್ಡ ಮಾತೇನಲ್ಲ. ಯಾವ ಠಾಣೆಗೆ ಎಷ್ಟು ಧ್ವಜ ಕೊಟ್ಟರು, ಎಷ್ಟು ಮಾರಾಟವಾಯಿತು, ಎಷ್ಟು ಮರಳಿತು, ಹಣ ಯಾವ ದಿನ ಬ್ಯಾಂಕಿಗೆ ಕಟ್ಟಿದರು, ವರ್ಷದಲ್ಲಿ ಎಷ್ಟು ಕುಟುಂಬಕ್ಕೆ ಯಾವ ಬಾಬ್ತಿನಲ್ಲಿ ಎಷ್ಟು ಹೋಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ರೈತ ತಂದ ಒಂದು ಲಾಟಿಗೂ ತೂಕ, ದರ, ಕೊಂಡ ರೀಲರ್ ಯಾರು ಎಂಬುದಕ್ಕೆ ಚೀಟಿ ಇರುವಾಗ ಧ್ವಜಕ್ಕೆ ಅಷ್ಟಾದರೂ ಇರಬೇಡವೇ? ಧ್ವಜದಿಂದ ಕಲ್ಯಾಣ ನಿಧಿಗೆ ಬರುವುದು ಬಜೆಟ್ಟಿನ ಹಣವಲ್ಲ. ವಿಧಾನಸಭೆಯಲ್ಲಿ ಇಲಾಖೆಯ ಅನುದಾನದ ಚರ್ಚೆ ನಡೆಯುವಾಗ ಅದರ ಮಾತು ಬರುವುದಿಲ್ಲ. ಹಾಗಾಗಿ ಕೇಳುವ ಕೆಲಸ ನಮ್ಮದೇ.

ಸಮವಸ್ತ್ರದಲ್ಲಿ ಇರುವವರು ಕೇಳಬಹುದೇ?

ಧ್ವಜ ದಿನದಂಥ ಅಧಿಕೃತ ಸಂಗ್ರಹ ಬಿಟ್ಟರೆ, ಒಬ್ಬ ಪೊಲೀಸ್ ತಾನಾಗಿ ಅಂಗಡಿಗೆ ಬಂದು ಯಾವ ಕಾರಣಕ್ಕೂ ಹಣ ಎತ್ತುವಂತಿಲ್ಲ. ಐಪಿಎಸ್ ಅಧಿಕಾರಿಗಳಿಗೆ ಅನ್ವಯಿಸುವ 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳ 10ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ಸರ್ಕಾರದ ಅಥವಾ ಅಧಿಕಾರ ಪಡೆದ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಯಾವ ಉದ್ದೇಶಕ್ಕೂ ವಂತಿಗೆ ಕೇಳಬಾರದು, ಪಡೆಯಬಾರದು, ನಿಧಿ ಸಂಗ್ರಹದಲ್ಲಿ ಬೇರೆ ರೀತಿಯಲ್ಲೂ ಪಾಲ್ಗೊಳ್ಳಬಾರದು. ನಗದು ಮಾತ್ರವಲ್ಲ, ವಸ್ತುರೂಪದ್ದೂ ಸೇರಿತು. ಉದ್ದೇಶ ಪುಣ್ಯದ್ದೇ ಆಗಿದ್ದರೂ ಅಷ್ಟೇ. ಆಯುಧಪೂಜೆಗೆ ಠಾಣೆಯ ಶಾಮಿಯಾನ, ಕ್ರೀಡಾಕೂಟದ ಊಟ, ಸಾಹೇಬರ ಬೀಳ್ಕೊಡುಗೆ ಎಂದು ಯಾರಾದರೂ ಕೇಳಿದರೆ ಕೇಳಬೇಕಾದ ಮರುಪ್ರಶ್ನೆ ಒಂದೇ: ‘ಲಿಖಿತ ಅನುಮತಿ ಇದೆಯಾ ಸಾರ್? ಇದ್ರೆ ಒಂದು ಕಾಪಿ ಕೊಡಿ, ಚೆಕ್ ಕೊಡ್ತೀನಿ.’ ಚೆಕ್ ಎಂದ ಕೂಡಲೇ ಬಹಳಷ್ಟು ಸಂಗತಿ ತಾನಾಗಿ ತಿಳಿಯಾಗುತ್ತದೆ.

ಬೆದರಿಸಿ ಕೇಳಿದರೆ ಅದು ಸುಲಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆ ಇದೆ. ಕೆಲಸ ಮಾಡಿಕೊಡಲು ಅಥವಾ ಮಾಡದಿರಲು ಕೇಳಿದರೆ ಅದು ಲಂಚ, ಮೇಲೆ ‘ದೇಣಿಗೆ’ ಎಂದು ಬರೆದಿದ್ದರೂ ಲಂಚವೇ. ಇಲ್ಲಿ ವ್ಯಾಪಾರಿಗಳಿಗೆ ಬಹಳ ಮುಖ್ಯವಾದ, ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಅಂಶವಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ‘ಕೊಟ್ಟದ್ದಾಯ್ತು, ಇನ್ಯಾಕೆ ಗೋಜು’ ಎಂದು ಸುಮ್ಮನಿದ್ದರೆ ಆ ರಕ್ಷಣೆಯೂ ಕೈತಪ್ಪುತ್ತದೆ. ಈ ದೂರು ಹೋಗಬೇಕಾದದ್ದು ಲೋಕಾಯುಕ್ತ ಪೊಲೀಸರಿಗೆ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತಕ್ಕೆ ಬಂದಿದೆ.

ಹೆಸರಿನಲ್ಲಿ ಪೊಲೀಸ್, ಒಳಗೆ ಬೇರೆ

ಅಂಗಡಿಗೆ ಬರುವವರಲ್ಲಿ ನಿಜವಾದ ಪೊಲೀಸರಿಗಿಂತ ಪೊಲೀಸ್ ಎಂಬ ಪದವನ್ನು ಹೆಸರಿನಲ್ಲಿ ಇಟ್ಟುಕೊಂಡವರಿಂದಲೇ ಗೊಂದಲ ಹೆಚ್ಚು. ನಿವೃತ್ತ ಪೊಲೀಸರ ಸಂಘ, ಪೊಲೀಸ್ ಕುಟುಂಬಗಳ ಹಿತರಕ್ಷಣಾ ವೇದಿಕೆ, ಅಪರಾಧ ತಡೆ ಸಮಿತಿ, ಪೊಲೀಸ್ ಹೆಸರಿನ ಮಾಸಪತ್ರಿಕೆ, ಆಯೋಗ ಎಂದು ಹೆಸರಿಟ್ಟುಕೊಂಡ ಮಾನವ ಹಕ್ಕು ಸಂಘಟನೆ. ಇವುಗಳಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವವು ಇವೆ. ನಿವೃತ್ತರು ತಮ್ಮ ಪಿಂಚಣಿ, ಚಿಕಿತ್ಸೆಗಾಗಿ ಒಟ್ಟಾಗುವುದು ಅವರ ಹಕ್ಕು. ಆದರೆ ಇವು ಯಾವುವೂ ಇಲಾಖೆಯ ಅಂಗವಲ್ಲ. ಸೇವೆಯಲ್ಲಿರುವ ಪೊಲೀಸರು ಅನುಮತಿ ಇಲ್ಲದೆ ಕಾರ್ಮಿಕ ಸಂಘಕ್ಕಾಗಲಿ, ಪಡೆಯ ಭಾಗವೆಂದು ಮಾನ್ಯತೆ ಇಲ್ಲದ ಬೇರೆ ಸಂಘಟನೆಗಾಗಲಿ ಸೇರುವುದನ್ನು 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ತಡೆಯುತ್ತದೆ. ಬರೀ ಸಾಮಾಜಿಕ, ಮನರಂಜನೆಯ ಅಥವಾ ಧಾರ್ಮಿಕ ಕೂಟಗಳಿಗಷ್ಟೇ ವಿನಾಯಿತಿ. ಅಂದಮೇಲೆ ‘ಇದು ಪೊಲೀಸರದೇ ಸಂಘ’ ಎಂಬ ಮಾತು ಕೇಳಿದಾಗಲೇ ಎಚ್ಚರವಾಗಬೇಕು.

ಇಂಥವರು ಕೊಡುವ ರಸೀತಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ನಿಧಾನವಾಗಿ ಓದಿ. ಮೇಲ್ಗಡೆ ಕೆಂಪು, ನೀಲಿ ಪಟ್ಟಿ. ಹೆಸರಿನ ನಾಲ್ಕು ಪದಗಳಲ್ಲಿ ಮಧ್ಯದ ‘ಪೊಲೀಸ್’ ಒಂದೇ ದಪ್ಪಕ್ಷರ, ಅದರ ಹಿಂದೆ ಮುಂದೆ ಇರುವ ‘ನಿವೃತ್ತ’, ‘ವೇದಿಕೆ’ ಎಂಬ ಪದಗಳಿಗೆ ಇರುವೆ ಸಾಲಿನಂಥ ಅಕ್ಷರ. ಎಡಕ್ಕೆ ನಾಲ್ಕು ಸಿಂಹದ ಲಾಂಛನವನ್ನೇ ಹೋಲುವ ಒಂದು ಚಿತ್ರ. ನೋಂದಣಿ ಸಂಖ್ಯೆ ಇರುತ್ತದೆ, ಯಾವ ಜಿಲ್ಲೆಯ ಕಚೇರಿಯಲ್ಲಿ ಯಾವ ವರ್ಷ ಎಂಬುದು ಇರುವುದಿಲ್ಲ. ವಿಳಾಸದ ಜಾಗದಲ್ಲಿ ಮೊಬೈಲ್ ಸಂಖ್ಯೆ. ಹಣದ ಸಾಲಿನಲ್ಲಿ ‘ಜಾಹೀರಾತು / ದೇಣಿಗೆ’ ಎಂದು ಎರಡನ್ನೂ ಅಚ್ಚು ಹಾಕಿಸಿ ಯಾವುದನ್ನೂ ಹೊಡೆದುಹಾಕಿರುವುದಿಲ್ಲ. ಕೆಳಗಿನ ಸಹಿ ಯಾರದೆಂದು ಓದಲಾಗದು, ಹುದ್ದೆಯೂ ಇಲ್ಲ.

‘ಜಾಹೀರಾತು / ದೇಣಿಗೆ’ ಎಂಬಲ್ಲಿನ ಆ ಗೆರೆಯ ಎರಡು ಬದಿಗಳಿಗೆ ಬೇರೆ ಬೇರೆ ಕಾನೂನು. ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟಕ್ಕೆ ಇಷ್ಟು, ಪೂರ್ತಿ ಪುಟಕ್ಕೆ ಇಷ್ಟು, ಅರ್ಧ ಪುಟಕ್ಕೆ ಇಷ್ಟು ಎಂದು ದರಪಟ್ಟಿ ಕೊಟ್ಟು ಹಣ ಪಡೆದರೆ ಅದು ಜಾಹೀರಾತು, ಅಂದರೆ ವ್ಯಾಪಾರ. ಅದು ನಿಮ್ಮ ಅಂಗಡಿಯ ಪ್ರಚಾರದ ಖರ್ಚೇ ಹೊರತು ದೇಣಿಗೆಯ ತೆರಿಗೆ ವಿನಾಯಿತಿಗೆ ಬರುವುದಿಲ್ಲ. ಜಿಎಸ್‌ಟಿ ನೋಂದಣಿ ಇರುವ ಸಂಸ್ಥೆಯಾದರೆ ಅದರ ಮೇಲೆ ತೆರಿಗೆಯನ್ನೂ ತೋರಿಸಬೇಕು. ಪ್ರಚಾರದ ಉದ್ದೇಶವಿಲ್ಲದೆ ದಾನಿಯ ಹೆಸರನ್ನು ಕೃತಜ್ಞತೆಗಾಗಿ ಫಲಕದಲ್ಲಿ ಬರೆದರೆ ಅದು ಜಾಹೀರಾತಲ್ಲ, ಜಿಎಸ್‌ಟಿ ಬೀಳುವುದಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2019ರ ಅಕ್ಟೋಬರ್ 11ರ ಸುತ್ತೋಲೆಯಲ್ಲಿ ಹೇಳಿದೆ. ರಸೀತಿ ಬರೆಯುವಾಗಲೇ ಎರಡರಲ್ಲಿ ಒಂದನ್ನು ಹೊಡೆದುಹಾಕಿಸಿ. ಸ್ಮರಣ ಸಂಚಿಕೆ ಅಚ್ಚಾದ ಮೇಲೆ ಒಂದು ಪ್ರತಿ ಕೊಡಿ ಎಂದು ರಸೀತಿಯ ಬೆನ್ನಲ್ಲೇ ಬರೆಸಿಕೊಳ್ಳಿ. ಎಷ್ಟೋ ಸಂಚಿಕೆಗಳು ದರಪಟ್ಟಿಯಲ್ಲಿ ಮಾತ್ರ ಬದುಕಿರುತ್ತವೆ.

ಲಾಂಛನದ ವಿಷಯ ಸಣ್ಣದಲ್ಲ. 2005ರ ಭಾರತ ರಾಜ್ಯ ಲಾಂಛನ ದುರುಪಯೋಗ ತಡೆ ಕಾಯ್ದೆ ಪ್ರಕಾರ ಸರ್ಕಾರದ್ದೆಂಬ ಭಾವನೆ ಬರುವಂತೆ ಲಾಂಛನ ಅಥವಾ ಅದನ್ನು ಹೋಲುವ ಚಿತ್ರ ಬಳಸಿದರೆ ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸರ್ಕಾರದ ಆಶ್ರಯ ಇದೆಯೆಂದು ತೋರುವ ಹೆಸರಿನ ಸಂಸ್ಥೆಗಳನ್ನು ನೋಂದಾಯಿಸಬಾರದೆಂದು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯೇ ಹೇಳಿದೆ. ಪತ್ರಿಕೆ ಎಂದು ಹೇಳಿಕೊಂಡವರ ಶೀರ್ಷಿಕೆ ನೋಂದಣಿಯಾಗಿದೆಯೇ ಎಂಬುದನ್ನು 2023ರ ಹೊಸ ಕಾಯ್ದೆಯಡಿ ಬಂದಿರುವ ಪತ್ರಿಕಾ ಮಹಾ ನೋಂದಣಾಧಿಕಾರಿಗಳ ಜಾಲತಾಣದಲ್ಲಿ ನೋಡಬಹುದು. ನೋಂದಣಿ ಇದ್ದರೂ ಅದು ಪತ್ರಿಕೆ ಮಾರುವ ಹಕ್ಕಷ್ಟೇ, ಚಂದಾ ಎತ್ತುವ ಹಕ್ಕಲ್ಲ.

ಪೊಲೀಸ್ ಅಲ್ಲದವರು ಪೊಲೀಸ್ ಎಂದೇ ಹೇಳಿಕೊಂಡು ಬಂದರೆ ನ್ಯಾಯ ಸಂಹಿತೆಯ 204ನೇ ಕಲಂ ಅನ್ವಯ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಶಿಕ್ಷೆ. ಖಾಕಿ ಅಥವಾ ಗುರುತಿನ ಪಟ್ಟಿ ತೊಟ್ಟು ವಂಚಿಸಿದರೆ 205, ಇನ್ನೊಬ್ಬರ ಸೋಗಿನಲ್ಲಿ ಮೋಸ ಮಾಡಿದರೆ 319. ‘ಸಾಹೇಬ್ರಿಗೆ ಗೊತ್ತು’ ಎಂಬ ಒಂದು ಮಾತಿನ ಬಲದಲ್ಲಿ ಹಣ ಎತ್ತುವವರು ಎಷ್ಟು ಅಪಾಯದ ಆಟ ಆಡುತ್ತಿದ್ದಾರೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಈ ಕಾಯಿಲೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ ಪೊಲೀಸರ, ಅಗ್ನಿಶಾಮಕರ, ಮಾಜಿ ಸೈನಿಕರ ಹೆಸರು ಹೇಳಿ ಫೋನಿನಲ್ಲಿ ಹಣ ಕೇಳುವ ಸಂಸ್ಥೆಗಳ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ರಾಜ್ಯಗಳ ಜೊತೆ ಸೇರಿ 2009ರಲ್ಲಿ ದೊಡ್ಡ ಕಾರ್ಯಾಚರಣೆ ನಡೆಸಿತು. ಹೆಸರಿನಲ್ಲಿ ಪೊಲೀಸ್ ಎಂದಿದ್ದ ಮಾತ್ರಕ್ಕೆ ನಿಮ್ಮೂರಿನ ಪೊಲೀಸರಿಗೆ ಹಣ ಸೇರುತ್ತದೆಂದು ನಂಬಬೇಡಿ, ಠಾಣೆಗೇ ಫೋನ್ ಮಾಡಿ ಕೇಳಿ ಎಂಬುದು ಆ ಆಯೋಗ ಜನರಿಗೆ ಕೊಡುವ ಸಲಹೆ. ನಮ್ಮ ನಾಲ್ಕು ಊರಿಗೂ ಅದು ಹೊಂದುತ್ತದೆ.

ಯಾವ ಹಣಕ್ಕೆ ಯಾವ ಕಚೇರಿ

ರಸೀತಿಯ ಮೇಲಿನ ಹೆಸರು ಸಂಘವೋ ಟ್ರಸ್ಟೋ ಎಂಬುದನ್ನು ಮೊದಲು ಗುರುತಿಸಿ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತದೆ. ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಜಿಲ್ಲೆಯಲ್ಲಿ ಇದರ ನೋಂದಣಾಧಿಕಾರಿ ಸಹಕಾರ ಇಲಾಖೆಯವರು, ಕಚೇರಿ ಇರುವುದು ಚಿಕ್ಕಬಳ್ಳಾಪುರದಲ್ಲಿ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಸಂಘಗಳ ಕಡತವೂ ಅಲ್ಲೇ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗುವ ಮೊದಲು ನೋಂದಣಿಯಾದ ಸಂಘದ ರಸೀತಿಯಲ್ಲಿ ಕೋಲಾರದ ಸಂಖ್ಯೆ ಇದ್ದರೆ ಅದೊಂದೇ ಕಾರಣಕ್ಕೆ ಅನುಮಾನ ಪಡಬೇಕಿಲ್ಲ.

ಸಂಘ ಪ್ರತಿ ವರ್ಷ ಮಹಾಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಆಸ್ತಿ-ಹೊಣೆ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಾಯ್ದೆಯ 13ನೇ ಕಲಂ ಇದನ್ನು ಹೇಳುತ್ತದೆ. ಆ ಕಡತ ನೋಡಿದರೆ ಸಂಘ ಉಸಿರಾಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ವರ್ಷಗಟ್ಟಲೆ ಲೆಕ್ಕ ಸಲ್ಲಿಸದೆ ರಸೀತಿ ಮಾತ್ರ ಹರಿಯುತ್ತಿದ್ದರೆ ಅಷ್ಟೇ ಸಾಕು. 25ನೇ ಕಲಂ ಇನ್ನೂ ಗಟ್ಟಿ. ಸಂಘದ ರಚನೆ, ಕೆಲಸ, ಹಣಕಾಸಿನ ಸ್ಥಿತಿಯ ಬಗ್ಗೆ ನೋಂದಣಾಧಿಕಾರಿ ತಾನಾಗಿಯೇ ವಿಚಾರಣೆ ನಡೆಸಬಹುದು. ಆಡಳಿತ ಮಂಡಳಿಯ ಬಹುಮತ ಅಥವಾ ಮೂರನೇ ಒಂದರಷ್ಟು ಸದಸ್ಯರು ಕೇಳಿದರೆ, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿ ಸೂಚಿಸಿದರೆ ನಡೆಸಲೇಬೇಕು. ಸಂಘದ ಸದಸ್ಯರಲ್ಲದ ಅಂಗಡಿಯವರಿಗೆ ಈ ಕೊನೆಯ ದಾರಿ ಬಳಕೆಗೆ ಬರುತ್ತದೆ. ವರ್ತಕರ ಸಂಘದಿಂದ ಜಿಲ್ಲಾಧಿಕಾರಿಗೆ ಒಂದು ಅರ್ಜಿ, ಜೊತೆಗೆ ಹತ್ತಾರು ಅಂಗಡಿಗಳ ರಸೀತಿಯ ಜೆರಾಕ್ಸ್. ಒಬ್ಬರೇ ಹೋದರೆ ಅವರ ಮೇಲೆ ಕಣ್ಣು ಬೀಳುತ್ತದೆಂಬ ಅಂಜಿಕೆ ಸಹಜ, ಎಲ್ಲರೂ ಸಹಿ ಹಾಕಿದರೆ ಯಾರೊಬ್ಬರೂ ಎದ್ದು ಕಾಣುವುದಿಲ್ಲ.

ಟ್ರಸ್ಟ್ ಆದರೆ ಕಷ್ಟ. ಟ್ರಸ್ಟ್ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ, ಅಲ್ಲಿಗೆ ಆ ಕಚೇರಿಯ ಕೆಲಸ ಮುಗಿಯಿತು. ವರ್ಷವರ್ಷ ಲೆಕ್ಕ ಕೇಳುವವರು ಅಲ್ಲಿಲ್ಲ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನ ಹಣ ದಾರಿ ತಪ್ಪಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡಿ ಅಡ್ವೊಕೇಟ್ ಜನರಲ್, ಅಥವಾ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಐನೂರು ರೂಪಾಯಿ ಚಂದಾ ಕೊಟ್ಟವರು ಇದಕ್ಕಾಗಿ ಕೋರ್ಟಿಗೆ ಅಲೆಯುತ್ತಾರೆಯೇ? ಇಲ್ಲ. ನಮ್ಮ ರಾಜ್ಯದ ವ್ಯವಸ್ಥೆಯಲ್ಲಿರುವ ದೊಡ್ಡ ತೂತು ಇದೇ. ಸಣ್ಣ ಸಣ್ಣ ಮೊತ್ತ ನೂರಾರು ಕಡೆ ಎತ್ತಿದವರನ್ನು ಕೇಳುವವರಿಲ್ಲ. ಅದಕ್ಕೇ ಟ್ರಸ್ಟಿನ ವಿಷಯದಲ್ಲಿ ಕೊಡುವ ಮುಂಚಿನ ಎಚ್ಚರವೇ ಮುಖ್ಯ.

ಆ ಎಚ್ಚರಕ್ಕೆ ತೆರಿಗೆ ಇಲಾಖೆಯ ದಾಖಲೆ ನೆರವಾಗುತ್ತದೆ. ‘80ಜಿ ಇದೆ’, ಅಂದರೆ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಹೇಳುವವರ ಪ್ಯಾನ್ ಸಂಖ್ಯೆ ಕೇಳಿ, ಆದಾಯ ತೆರಿಗೆ ಜಾಲತಾಣದಲ್ಲಿ ಅನುಮೋದಿತ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿ. ನಿಜವಾಗಿ ಅನುಮೋದನೆ ಇರುವ ಸಂಸ್ಥೆ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಬಿಲ್‌ಬುಕ್ಕಿನ ಚೀಟಿ ಅದಕ್ಕೆ ಸಮನಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿಯೇ ಇಲ್ಲ. ಹಾಗಿರುವಾಗ ‘ಕ್ಯಾಶ್ ಆದ್ರೆ ಒಳ್ಳೇದು, 80ಜಿ ಕೊಡ್ತೀವಿ’ ಎಂದವರು ಕಾನೂನು ಓದಿಲ್ಲ ಅಥವಾ ನೀವು ಓದಿಲ್ಲವೆಂದು ನಂಬಿದ್ದಾರೆ.

ಗೌರಿಬಿದನೂರಿನ ಕಾರ್ಖಾನೆಗಳಿಗೆ ಇನ್ನೊಂದು ಬಗೆಯ ಕೋರಿಕೆ ಬರುತ್ತದೆ: ‘ನಿಮ್ಮ ಸಿಎಸ್‌ಆರ್ ಹಣದಲ್ಲಿ ಕೊಡಿ.’ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ಹಣ ಯಾವುದಕ್ಕೆ ಹೋಗಬಹುದೆಂದು ಪಟ್ಟಿ ಮಾಡುವ 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಶಸ್ತ್ರ ಪಡೆಗಳ ಮಾಜಿ ಯೋಧರು, ಯುದ್ಧ ವಿಧವೆಯರು ಮೊದಲಿನಿಂದ ಇದ್ದರು. 2020ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಮಾಜಿ ಸಿಬ್ಬಂದಿ ಮತ್ತು ಅವರ ಅವಲಂಬಿತರನ್ನು ಸೇರಿಸಲಾಯಿತು. ರಾಜ್ಯ ಪೊಲೀಸರ ಕಲ್ಯಾಣ ಎಂಬ ಬಾಬ್ತು ಆ ಸಾಲಿನಲ್ಲಿಲ್ಲ. ಆರೋಗ್ಯ, ಶಿಕ್ಷಣದಂಥ ಬೇರೆ ತಲೆಬರಹದಡಿ ಯೋಜನೆ ಹೊಂದುತ್ತದೆಯೇ ಎಂದು ಕಂಪನಿಯ ಸಿಎಸ್‌ಆರ್ ಸಮಿತಿ ಕೂತು ತೀರ್ಮಾನಿಸಬೇಕು. ಗೇಟಿನ ಬಳಿ ಮ್ಯಾನೇಜರ್ ಕೈಗೆ ಬಂದ ಪತ್ರದ ಮೇಲೆ ತೀರ್ಮಾನವಾಗುವ ವಿಷಯ ಇದಲ್ಲ.

ಬ್ಯಾರಿಕೇಡು, ಕ್ಯಾಮೆರಾ

ಹಣ ಕೇಳದೆ ವಸ್ತು ಕೇಳುವುದೂ ಉಂಟು. ರಾಜ್ಯದ ಯಾವ ಊರಿನ ಸರ್ಕಲ್ಲಿಗೆ ಹೋದರೂ ಚಿನ್ನದಂಗಡಿಯ, ಆಸ್ಪತ್ರೆಯ, ಶಾಲೆಯ ಹೆಸರು ಬರೆದ ಪೊಲೀಸ್ ಬ್ಯಾರಿಕೇಡುಗಳು ಕಾಣುತ್ತವೆ. ಬೀದಿಯ ಸಿಸಿ ಕ್ಯಾಮೆರಾಗಳಿಗೂ ದಾನಿಗಳಿದ್ದಾರೆ. ಊರಿಗೆ ಉಪಯೋಗವಾಗುವ ವಸ್ತು ಕಣ್ಣೆದುರು ಇರುತ್ತದೆ ಎಂಬ ಕಾರಣಕ್ಕೆ ನಗದಿಗಿಂತ ಇದು ಎಷ್ಟೋ ಮೇಲು. ಆದರೆ ಕೊಟ್ಟ ವಸ್ತು ಠಾಣೆಯ ದಾಸ್ತಾನು ಪುಸ್ತಕಕ್ಕೆ ಏರಿತೇ, ಅದಕ್ಕೆ ಸ್ವೀಕೃತಿ ಪತ್ರ ಬಂತೇ ಎಂದು ಕೇಳಬೇಕು. ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ವರ್ಗವಾದ ಮರುದಿನ ಆ ಕ್ಯಾಮೆರಾ ಯಾರದು, ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು ಎಂಬುದಕ್ಕೆ ಉತ್ತರವಿರುವುದಿಲ್ಲ. ಇನ್ನೊಂದು ಸಂಗತಿಯನ್ನು ಬೆರೆಸಬಾರದು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಹೆಚ್ಚು ಜನ ಸೇರುವ ಸಂಸ್ಥೆಗಳು ತಮ್ಮ ಆವರಣದಲ್ಲಿ ಕ್ಯಾಮೆರಾ ಹಾಕಿಸಲೇಬೇಕು. ಅದು ಕಾನೂನಿನ ಹೊಣೆ. ರಸ್ತೆಗೆ ಕ್ಯಾಮೆರಾ ಕೊಡುವುದು ಸ್ವಂತ ಇಚ್ಛೆ. ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಕೇಳುವಂತಿಲ್ಲ.

ಫೋನಿಗೆ ಬರುವ ಮನವಿ

ಅಂಗಡಿಗೆ ಬಾರದೆ ಮೊಬೈಲಿಗೇ ಬರುವ ಮನವಿಗಳು ಈಗ ಹೆಚ್ಚು. ಪೊಲೀಸ್ ಅಧಿಕಾರಿಗಳ ಫೋಟೊ ಇಟ್ಟು ನಕಲಿ ಫೇಸ್‌ಬುಕ್ ಖಾತೆ ತೆರೆದು ಹಣ ಕೇಳಿದ ಪ್ರಕರಣಗಳು ರಾಜ್ಯದಲ್ಲಿ ಹಲವು ಆಗಿವೆ. ಹುತಾತ್ಮ ಯೋಧರ, ಮೃತ ಪೊಲೀಸರ ಕುಟುಂಬಕ್ಕೆ ನೆರವು ಎಂಬ ವಾಟ್ಸ್ಆ್ಯಪ್ ಸಂದೇಶದ ಜೊತೆ ಕ್ಯೂಆರ್ ಕೋಡ್ ಬಂದರೆ ಕರುಳು ಚುರ್ ಎನ್ನುತ್ತದೆ, ಬೆರಳು ತಾನಾಗಿ ಒತ್ತುತ್ತದೆ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಕೆಲವೇ ದಿನಗಳಲ್ಲಿ ಅದರ ಯುಪಿಐ ವಿಳಾಸದ ಒಂದಕ್ಷರ ಬಿಟ್ಟು ನಕಲಿ ವಿಳಾಸ ಸೃಷ್ಟಿಸಿದ್ದರು. ಒಂದಕ್ಷರದ ಅಂತರ, ಓದುವವರಿಗೆ ಕಾಣುವಂಥದ್ದಲ್ಲ.

ಹುತಾತ್ಮರಾದ ಕೇಂದ್ರ ಪಡೆಗಳ ಯೋಧರ ಕುಟುಂಬಕ್ಕೆ ಕೊಡಬೇಕೆಂದಿದ್ದರೆ ಕೇಂದ್ರ ಗೃಹ ಸಚಿವಾಲಯ 2017ರ ಏಪ್ರಿಲ್ 9ರಂದು ಆರಂಭಿಸಿದ ‘ಭಾರತ್ ಕೆ ವೀರ್’ ಜಾಲತಾಣವಿದೆ. ಅಲ್ಲಿ ಕೊಟ್ಟ ಹಣ ಕುಟುಂಬದ ಖಾತೆಗೇ ಹೋಗುತ್ತದೆ, ಒಂದು ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಮಿತಿ ಇದೆ. ಮಧ್ಯೆ ಯಾರ ಕೈಯೂ ಇಲ್ಲ. ನಮ್ಮ ಜಿಲ್ಲೆಯ ಪೊಲೀಸ್ ಕುಟುಂಬಕ್ಕೆ ನೆರವಾಗಬೇಕೆನಿಸಿದರೆ ಎಸ್ಪಿ ಕಚೇರಿಗೆ ಹೋಗಿ ಕಲ್ಯಾಣ ನಿಧಿಯ ಖಾತೆಯ ಹೆಸರು ಕೇಳಿ ಚೆಕ್ ಬರೆಯಿರಿ. ಕ್ಯೂಆರ್ ಸ್ಕ್ಯಾನ್ ಮಾಡಲೇಬೇಕಾದರೆ ಹಣ ಕಳಿಸುವ ಮುನ್ನ ಪರದೆಯಲ್ಲಿ ಬರುವ ಬ್ಯಾಂಕ್ ಖಾತೆದಾರರ ಹೆಸರು ಓದಿ. ಸಂಸ್ಥೆಯ ಬದಲು ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಕಳಿಸಿದ ಮೇಲೆ ಅನುಮಾನ ಬಂದರೆ ಹೊತ್ತು ಕಳೆಯದೆ 1930ಕ್ಕೆ ಕರೆ ಮಾಡಿ, ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಆಮೇಲೆ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸೆನ್ ಠಾಣೆಯಲ್ಲಿ ದೂರು ದಾಖಲಿಸಿ.

ಠಾಣೆಯ ಮೇಲೇ ದೂರಿದ್ದರೆ

ಹೊರಗಿನವರು ಪೊಲೀಸರ ಹೆಸರು ಬಳಸಿದರೆ ಠಾಣೆಗೆ ಹೋಗಬಹುದು. ಆ ಠಾಣೆಯವರೇ ಕೇಳಿದ್ದರೆ? ಆಗ ಎಸ್ಪಿಯವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅಂಚೆಯಲ್ಲಿ ಕಳಿಸಿದರೆ ನೋಂದಾಯಿತ ಅಂಚೆಯಲ್ಲೇ ಕಳಿಸಿ. ಚಿಕ್ಕಬಳ್ಳಾಪುರ ಜಿಲ್ಲೆ ಕೇಂದ್ರ ವಲಯಕ್ಕೆ ಸೇರುತ್ತದೆ, ಅದರ ಐಜಿಪಿ ಕಚೇರಿ ಬೆಂಗಳೂರಿನಲ್ಲಿದೆ, ಅಲ್ಲಿಗೊಂದು ಪ್ರತಿ ಹೋಗಲಿ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ ಪೊಲೀಸರ ಮೇಲಿನ ದೂರಿಗೆಂದೇ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳ ವ್ಯವಸ್ಥೆ ಬಂದಿದೆ. ಸುಲಿಗೆಯಂಥ ದೂರಿಗೆ ಠಾಣೆ ಎಫ್‌ಐಆರ್ ಬರೆಯದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಸ್ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಹೋಗಲು ದಾರಿಯಿದೆ.

ಇನ್ನು ಧ್ವಜದ ಲೆಕ್ಕದ ಮಾತು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸಾರ್ವಜನಿಕ ಪ್ರಾಧಿಕಾರಗಳು ಕೇಳದೆಯೇ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. ಜಿಲ್ಲಾ ಪೊಲೀಸರು ಮನಸ್ಸು ಮಾಡಿದರೆ ಪ್ರತಿ ಮೇ ತಿಂಗಳಲ್ಲಿ ಒಂದು ಹಾಳೆಯನ್ನು ಪ್ರತಿ ಠಾಣೆಯ ಸೂಚನಾ ಫಲಕಕ್ಕೆ ಹಚ್ಚಬಹುದು. ಕಳೆದ ವರ್ಷ ಎಷ್ಟು ಬಂತು, ಎಷ್ಟು ಕುಟುಂಬಕ್ಕೆ ಹೋಯಿತು, ಈ ವರ್ಷ ಎಷ್ಟು ಬಂತು. ಕೆಳಗೆ ಇನ್ನೊಂದು ಸಾಲು: ಇದಲ್ಲದೆ ಇಲಾಖೆ ಬೇರಾವ ಸಂಘಕ್ಕೂ ಹಣ ಸಂಗ್ರಹಿಸಲು ಅನುಮತಿ ಕೊಟ್ಟಿಲ್ಲ, ಯಾರಾದರೂ ಬಂದರೆ ಈ ಸಂಖ್ಯೆಗೆ ತಿಳಿಸಿ. ಇಷ್ಟಾದರೆ ಪ್ರಾಮಾಣಿಕ ಪೊಲೀಸರ ಹೆಸರೇ ಮೊದಲು ಉಳಿಯುತ್ತದೆ. ಯಾರೋ ಎತ್ತಿದ ಚಂದಾಕ್ಕೆ ಊರಲ್ಲಿ ಬೈಸಿಕೊಳ್ಳುವವರು ಅವರೇ ತಾನೆ.

ಹಾಳೆ ಬರುವವರೆಗೆ ಅದೇ ಮಾಹಿತಿ ಹಕ್ಕಿನ ಹತ್ತು ರೂಪಾಯಿಯ ಅರ್ಜಿ ಇದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ವಿಳಾಸ: ಸಾರ್ವಜನಿಕ ಮಾಹಿತಿ ಅಧಿಕಾರಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿ, ಚಿಕ್ಕಬಳ್ಳಾಪುರ. ಬರೆಯಬೇಕಾದದ್ದು ಹೀಗೆ: ‘ಕಳೆದ ಮೂರು ವರ್ಷಗಳಲ್ಲಿ ಪೊಲೀಸ್ ಧ್ವಜ ದಿನಾಚರಣೆಗೆ ಸಂಬಂಧಿಸಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಠಾಣೆಗಳಿಗೆ ನೀಡಿದ ಧ್ವಜಗಳ ಸಂಖ್ಯೆ, ಮಾರಾಟದಿಂದ ಬಂದ ಮೊತ್ತ, ಬ್ಯಾಂಕಿಗೆ ಜಮೆ ಮಾಡಿದ ದಿನಾಂಕ, ಕಲ್ಯಾಣ ನಿಧಿಯಿಂದ ಆದ ವೆಚ್ಚದ ಬಾಬ್ತುವಾರು ವಿವರ ಹಾಗೂ ಲೆಕ್ಕಪರಿಶೋಧನಾ ವರದಿಯ ಪ್ರತಿ ನೀಡುವುದು.’ ನೆರವು ಪಡೆದವರ ಹೆಸರು ಕೇಳಬೇಡಿ, ಕಾಯಿಲೆ, ಕಷ್ಟ ಅವರ ಖಾಸಗಿ ವಿಷಯ, ಸಂಖ್ಯೆ ಮತ್ತು ಮೊತ್ತ ಸಾಕು. ಉತ್ತರಕ್ಕೆ 30 ದಿನ ಕಾಲಾವಕಾಶ. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಸಮಾಧಾನವಾಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.